ಕರೆದರೆ ಓ ಅನ್ನಬಾರದು

ನಮ್ಮ ಕ್ಯಾಪ್ಟನ್ ನನ್ನನ್ನು ಹೊಸಬರಿಗೆ ಪರಿಚಯ ಮಾಡಿಕೊಡುವ ರೀತಿ ಒಂದೇ. "ಇವಳು ನಮ್ಮ ರೈಡರ್. ಕಾಲು ಚುರುಕು, ಕೈ ಉದ್ದ, ಉಸಿರು ಗಟ್ಟಿ. ಅತ್ತೆ ಕರೆಯದೆ ಇದ್ರೆ ಇವಳನ್ನ ಹಿಡಿಯೂಕೆ ಯಾರಿಂದಲೂ ಆಗೂದಿಲ್ಲ." ಕೇಳಿದವರು ನಗುತ್ತಾರೆ. ನಾನು ನಗುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮದುವೆಯಾದ ಹೊಸತರಲ್ಲೇ ಊರಿಗೆಲ್ಲ ಗೊತ್ತಾಗಿದೆ. ಆದರೆ ಕ್ಯಾಪ್ಟನ್ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲದ ಕಾರಣ ಸಿಟ್ಟು ಮಾಡಿಕೊಂಡೂ ಪ್ರಯೋಜನವಿಲ್ಲ.

ನಮ್ಮದು ಕುಮಟಾ ಹತ್ತಿರದ ಬಾಡ. ಸಂಜೆ ಸಮುದ್ರದ ದಂಡೆಯಲ್ಲಿ ಅಭ್ಯಾಸ ಮಾಡುವ ಹೆಂಗಸರ ಕಬಡ್ಡಿ ಟೀಮು ನಮ್ಮದು. ಶಾಲೆಯಲ್ಲಿ ಆಡಿ, ಮದುವೆಯಾಗಿ ಬಿಟ್ಟು, ಮತ್ತೆ ಹುರುಪು ಬಂದು ಸೇರಿಕೊಂಡವರೇ ಹೆಚ್ಚು. ಕ್ಯಾಪ್ಟನ್ ಬ್ಯೂಟಿ ಪಾರ್ಲರ್ ನಡೆಸುವವಳು. ಹುಬ್ಬು ತೀಡುವಾಗ ಎಷ್ಟು ಮೆತ್ತಗೆ ಮಾತಾಡುತ್ತಾಳೋ ಅಂಕಣದಲ್ಲಿ ಅಷ್ಟೇ ಗಟ್ಟಿಯಾಗಿ ಬೈಯುತ್ತಾಳೆ. ನಾನು ಸೊಸೈಟಿಯಲ್ಲಿ ಗುಮಾಸ್ತೆ. ಗಂಡ ಬೋಟಿಗೆ ಹೋಗುತ್ತಾರೆ, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಹಾಗಾಗಿ ಮನೆಯೆಂದರೆ ನಾನು ಮತ್ತು ನನ್ನ ಅತ್ತೆ.

ಅತ್ತೆ ವರ್ಷಗಟ್ಟಲೆ ಕುಮಟಾ ಮೀನುಪೇಟೆಯಲ್ಲಿ ಕೂತು ಬಂಗಡೆ, ತಾರ್ಲೆ ಮಾರಿದವರು. ಆ ಗದ್ದಲದಲ್ಲಿ ಗಿರಾಕಿಯನ್ನು ಆಚೆ ಬಾಗಿಲಿನಿಂದ ಈಚೆಗೆ ಎಳೆದು ತಂದ ಗಂಟಲು ಅದು. ಈಗ ಮಾರುವುದನ್ನು ಬಿಟ್ಟಿದ್ದಾರೆ, ಗಂಟಲು ಬಿಟ್ಟಿಲ್ಲ. ನಾನು ಕಬಡ್ಡಿ ಆಡುತ್ತೇನೆ ಎಂದಾಗ ಬಂಧುಬಳಗದ ಗಂಡಸರೆಲ್ಲ ಗೊಣಗಿದರು. ಅತ್ತೆ ಒಬ್ಬರೇ, "ಆಡ್ಲಿ. ನಾ ದಿನಾ ಅಷ್ಟು ಗಂಡಸರ ಸಂಗಡ ಜಗಳ ಆಡಿದ್ದೆ, ಯಾರೂ ಎಂತ ಕೇಳ್ಲಿಲ್ಲ. ಇವಳು ಹೆಂಗಸರ ಸಂಗಡ ಆಡಿದ್ರೆ ನಿಮಗೆಂತ?" ಎಂದು ಬಾಯಿ ಮುಚ್ಚಿಸಿದರು. ಅಂದಿನಿಂದ ನಾನು ಆಡುವ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಗೆರೆಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಆಟದ ನಿಯಮ ಅರ್ಧ ಗೊತ್ತು, ಉಳಿದರ್ಧವನ್ನು ಅವರೇ ಮಾಡಿಕೊಂಡಿದ್ದಾರೆ.

ತೊಂದರೆ ಎಲ್ಲಿಂದ ಶುರುವಾಯಿತು ಎಂದು ಹೇಳಬೇಕಾದರೆ ನನ್ನ ತವರಿಗೆ ಹೋಗಬೇಕು. ಗೇರುಸೊಪ್ಪದ ನಮ್ಮ ಮನೆಯಲ್ಲಿ ದೊಡ್ಡವರು ಕರೆದರೆ ಮೊದಲನೆಯ ಸಲಕ್ಕೇ "ಓ" ಅನ್ನಬೇಕು. ಎರಡನೆಯ ಸಲ ಕರೆಸಿಕೊಂಡರೆ ಅಮ್ಮ ಸೌಟು ಹಿಡಿದುಕೊಂಡೇ ಬರುತ್ತಿದ್ದರು. ಮದುವೆಯಾಗಿ ಬಾಡಕ್ಕೆ ಬಂದ ಮೇಲೆ ಬರೀ "ಓ" ಸಾಲದಾಯಿತು. ನಮ್ಮ ಕಡೆ ಕಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ಅತ್ತೆ "ತಂಗೀ" ಎಂದರೆ ನಾನು "ಓ, ಬಂದೆ" ಎನ್ನಬೇಕು, ಎನ್ನುವಾಗಲೇ ಕಾಲು ಎದ್ದಿರಬೇಕು. ಅವರೇನೂ ಹೀಗೆ ಮಾಡು ಎಂದು ಕಟ್ಟಳೆ ಹಾಕಿದವರಲ್ಲ. ಅವರು ಕರೆಯುವ ರೀತಿಯೇ ಹಾಗೆ, ಹೋಗದಿದ್ದರೆ ಎಲ್ಲೋ ಮನೆ ಬಿದ್ದಿದೆ ಎನ್ನಿಸುತ್ತದೆ. ಹೋಗಿ ನೋಡಿದರೆ ಬೆಕ್ಕು ಗೋಡೆಯ ಮೇಲೆ ಕೂತಿರುತ್ತದೆ, ಅದನ್ನು ನಾನೂ ನೋಡಲಿ ಎಂದು ಕರೆದದ್ದು. ಮುಖಕ್ಕೆಲ್ಲ ಸಾಬೂನು ಹಚ್ಚಿಕೊಂಡಿದ್ದಾಗಲೂ ಬಚ್ಚಲಿಂದ "ಓ, ಬಂದೆ" ಎಂದಿದ್ದೇನೆ. ಸೊಸೈಟಿಯಲ್ಲಿ ಯಾರೋ ಮುದುಕಿ ಕೌಂಟರಿನ ಆಚೆಯಿಂದ "ತಂಗೀ" ಎಂದಾಗ ಕುರ್ಚಿ ಬಿಟ್ಟೆದ್ದು ಹೊರಗೆ ಹೋಗಿ ನಿಂತಿದ್ದೇನೆ. ಆಕೆ ಕೇಳಿದ್ದು ಪೆನ್ನು.

ಹೊನ್ನಾವರದ ಪಂದ್ಯಾಟದಲ್ಲಿ ಸೆಮಿಫೈನಲ್. ನಾನು ರೈಡಿಗೆ ಹೋಗಿದ್ದೆ. ಮೈಯಲ್ಲಿ ಒಳ್ಳೆ ಬಿಸಿ ಇತ್ತು, ಕಬಡ್ಡಿ ಕಬಡ್ಡಿ ಎಂದು ಹೇಳುತ್ತ ಎದುರಿನವರಲ್ಲಿ ಒಬ್ಬಳನ್ನು ಮೂಲೆಗೆ ಒತ್ತಿಕೊಂಡು ಹೋಗಿದ್ದೆ. ನನ್ನ ಬೆನ್ನ ಹಿಂದೆ ಇನ್ನೊಬ್ಬಳು ಸುತ್ತಿ ಬರುವುದು ಅತ್ತೆಗೆ ಕಂಡಿದೆ. ಆ ಜೀವ ತಡೆದೀತೇ?

"ತಂಗೀ! ಹಿಂದೆ!"

"ಓ, ಬಂದೆ!" ಎಂದೆ ನಾನು.

ಸೀಟಿ ಮೊಳಗಿತು. ಎದುರಿನವರ ಅಂಕಣದಲ್ಲಿ ಕಬಡ್ಡಿ ಎನ್ನುವುದನ್ನು ನಿಲ್ಲಿಸಿದರೆ ಔಟು. ರೆಫರಿ ಕೈ ಎತ್ತಿದರು, ನಾನು ಎಂತ ಆಯಿತೆಂದು ತಿಳಿಯದೆ ನಿಂತಿದ್ದೆ. ನಮ್ಮ ಕಡೆಯ ಪಂದ್ಯಾಟಗಳಲ್ಲಿ ಮೈಕು ಹಿಡಿದು ವೀಕ್ಷಕ ವಿವರಣೆ ಕೊಡುವವನೊಬ್ಬ ಇರುತ್ತಾನೆ, ಅವನಿಗೆ ಇಂಥದ್ದೇ ಬೇಕು. "ಅತ್ತೆ ಕರೆದರು, ಸೊಸೆ ಬಂದಳು, ಪಾಯಿಂಟು ಹೋಯಿತು! ಇಂಥ ಸೊಸೆ ಯಾರಿಗುಂಟು ಹೇಳಿ ವೀಕ್ಷಕರೇ!" ಎಂದು ಶರಾವತಿ ಸೇತುವೆಯವರೆಗೆ ಕೇಳುವಂತೆ ಕೂಗಿದ. ಗಂಡಸರೆಲ್ಲ ಚಪ್ಪಾಳೆ ಹೊಡೆದರು. ಹೆಂಗಸರು ಇನ್ನೂ ಜೋರಾಗಿ ಹೊಡೆದರು, ಅವರಿಗೆ ಅದರ ರುಚಿ ಗೊತ್ತಿತ್ತು. ನಾವು ಸೋತೆವು. ಅತ್ತೆ ದಾರಿಯುದ್ದಕ್ಕೂ, "ಆ ರೆಫರಿಗೆ ಮರ್ಯಾದೆ ಅಂದ್ರೆ ಎಂತ ಅಂತ ಗೊತ್ತಿಲ್ಲ, ದೊಡ್ಡವರಿಗೆ ಉತ್ತರ ಕೊಟ್ಟದ್ದಕ್ಕೆ ಔಟಾ?" ಎಂದು ಬೈಯುತ್ತ ಬಂದರು.

ಒಂದು ಸಲಕ್ಕೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆ ದಿನ ಪ್ರೇಕ್ಷಕರಲ್ಲಿ ಭಟ್ಕಳದ ಟೀಮಿನವರೂ ಇದ್ದರು. ಅವರಲ್ಲಿ ಎಡ ಕಾರ್ನರಿಗೆ ನಿಲ್ಲುವ ಹುಡುಗಿಯೊಬ್ಬಳು, ಚಂದದ ಮುಖ, ಕೆಟ್ಟ ಬುದ್ಧಿ. ಮುಂದಿನ ಪಂದ್ಯಾಟ ಭಟ್ಕಳದಲ್ಲೇ ಆಯಿತು. ನಾನು ರೈಡಿಗೆ ಹೋಗಿ ಬೋನಸ್ ಗೆರೆಯ ಹತ್ತಿರ ಕಾಲಿಡುವಾಗ ಅವಳು ಥೇಟ್ ನನ್ನ ಅತ್ತೆಯ ರಾಗದಲ್ಲಿ "ತಂಗೀ" ಎಂದಳು. ಅದೂ ಹೇಗೆ, ಕೊನೆಯ ಗೀ ಎಳೆದು, ಸ್ವಲ್ಪ ಮೇಲಕ್ಕೆತ್ತಿ. ನನ್ನ ಬಾಯಿಂದ "ಓ" ಬಿದ್ದೇ ಹೋಯಿತು. ಮತ್ತೊಂದು ರೈಡಿನಲ್ಲಿ ನಾನು ಹಲ್ಲು ಕಚ್ಚಿಕೊಂಡೇ ಹೋದೆ. ಅವಳು ಕರೆದಳು. ಈ ಸಲ "ಓ" ಅನ್ನಲಿಲ್ಲ, ಬದಲಿಗೆ "ನಿನ್ನ ಅಜ್ಜಿ ಪಿಂಡ!" ಎಂದುಬಿಟ್ಟೆ. ಅದೂ ಔಟೇ. ಮೇಲಿಂದ ಬೈದದ್ದಕ್ಕೆ ಎಚ್ಚರಿಕೆಯ ಒಂದು ಕಾರ್ಡೂ ಸಿಕ್ಕಿತು.

ಬರುವಾಗ ಟೆಂಪೋ ಹೊನ್ನಾವರ ದಾಟಿದ ಮೇಲೆ ಕ್ಯಾಪ್ಟನ್ ಬಾಯಿ ಬಿಟ್ಟಳು. "ಕುಮಟಾ ಪಂದ್ಯಾಟದಲ್ಲಿ ಇನ್ನೊಂದು ಸಲ ಓ ಅಂದ್ರೆ ನಿನ್ನ ರೈಡು ಬಂದ್. ಮುಂದೆ ಕಾರ್ನರಿಗೆ ನಿಂತ್ಕಂಡು ಬಂದವರ ಕಾಲು ಹಿಡಿ. ಆತಾ?"

ನಾನು "ಆತು" ಎಂದೆ. ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನದು ಅರ್ಧ, ಉಳಿದದ್ದು ನಿಜವಾದ್ದು. ರೈಡು ಎಂದರೆ ನನಗೆ ಎಂತ ಎಂದು ಆ ಟೆಂಪೋದಲ್ಲಿ ಯಾರಿಗೂ ಬಿಡಿಸಿ ಹೇಳುವಂತಿರಲಿಲ್ಲ. ಬೆಳಗಾದರೆ ಮನೆಯಲ್ಲಿ ಒಬ್ಬರಿಗೆ, ಸೊಸೈಟಿಯಲ್ಲಿ ಊರಿಗೆಲ್ಲ, ಸಂಜೆ ಫೋನಿನಲ್ಲಿ ಗಂಡನಿಗೆ ಉತ್ತರ ಕೊಡುತ್ತಲೇ ಇರುವವಳು ನಾನು. ಮಧ್ಯದ ಗೆರೆ ದಾಟಿ ಹೋದ ಆ ಒಂದು ಉಸಿರಿನಷ್ಟು ಹೊತ್ತು ಮಾತ್ರ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಏಳು ಜನ ಹಿಡಿಯಲು ಕಾಯುತ್ತಿದ್ದರೂ ಅಲ್ಲಿ ನನಗೆ ಎಲ್ಲಿಯೂ ಇಲ್ಲದ ನೆಮ್ಮದಿ. ಕಾರ್ನರಿಗೆ ನಿಂತು ಕಾಲು ಹಿಡಿಯುವುದು ನನ್ನಿಂದಾಗುವ ಕೆಲಸವಲ್ಲ.

ಕ್ಯಾಪ್ಟನ್ ಬಾಯಲ್ಲಿ ಬೈದರೂ ಕೈಬಿಡುವವಳಲ್ಲ. ಅವಳ ಸಂಬಂಧಿಕನೊಬ್ಬ ಆಟಗಾರರ ಮನಸ್ಸಿಗೆ ತರಬೇತಿ ಕೊಡುತ್ತಾನೆಂದು ಕರೆದುಕೊಂಡು ಬಂದಳು. ಬಿಳಿ ಬೂಟು ಹಾಕಿಕೊಂಡು ದಂಡೆಗೆ ಬಂದ ಆತನ ಅರ್ಧ ಸಮಯ ಬೂಟಿನ ಹೊಯ್ಗೆ ಕೊಡವುವುದರಲ್ಲೇ ಹೋಯಿತು. ಉಳಿದರ್ಧದಲ್ಲಿ ನನ್ನನ್ನು ಕೂರಿಸಿಕೊಂಡು ಕೇಳಿದ.

"ನಿಮಗೆ ಕಂಟ್ರೋಲ್ ತಪ್ಪುವುದು ಯಾವುದರಿಂದ ಮೇಡಂ? ಸೋಲುವ ಭಯವೇ? ಜನರ ಭಯವೇ?"

"ಅತ್ತೆಯಿಂದ" ಎಂದೆ.

ಆತ ಬೂಟಿನ ಹೊಯ್ಗೆ ಇನ್ನೊಮ್ಮೆ ಕೊಡವಿದ. ಆಮೇಲೆ ನನಗೆ ಕಣ್ಣು ಮುಚ್ಚಿಕೊಂಡು ಉದ್ದನೆಯ ಉಸಿರೆಳೆದು, ಮನಸ್ಸಿಗೆ ತುಂಬ ಶಾಂತಿ ಕೊಡುವ ಜಾಗವೊಂದನ್ನು ಕಲ್ಪಿಸಿಕೊಳ್ಳಲು ಹೇಳಿದ. ನಾನು ಅಪ್ಸರಕೊಂಡದ ಜಲಪಾತ ಕಲ್ಪಿಸಿಕೊಂಡೆ. ನೀರು ಬೀಳುತ್ತಿತ್ತು, ತಂಪಾಗಿತ್ತು, ಯಾರೂ ಇರಲಿಲ್ಲ. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಅತ್ತೆ ಬಂದು, "ತಂಗೀ, ಗ್ಯಾಸ್ ಬಂದ್ ಮಾಡಿ ಬಂದಿದ್ಯಾ?" ಎಂದರು. ನಾನು ಕಣ್ಣು ಮುಚ್ಚಿಕೊಂಡೇ "ಓ" ಎಂದೆ. ತರಬೇತುದಾರ, ಇದು ಬಹಳ ಆಳದಲ್ಲಿದೆ ಎಂದು ಕ್ಯಾಪ್ಟನ್‌ಗೆ ಹೇಳಿ ಬೂಟು ಕೈಯಲ್ಲಿ ಹಿಡಿದುಕೊಂಡು ಹೋದ. ಹೋಗುವ ಮೊದಲು ಹೇಳಿದ ಒಂದು ಮಾತು ಮಾತ್ರ ಉಪಯೋಗಕ್ಕೆ ಬಂತು. ಅಭ್ಯಾಸದಿಂದ ಬಂದದ್ದನ್ನು ಅಭ್ಯಾಸದಿಂದಲೇ ಬಿಡಿಸಬೇಕಂತೆ.

ಮನೆಯಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕ್ಯಾಪ್ಟನ್ನೇ ಬಂದು ಹೇಳಿದಳು. ಅತ್ತೆಗೆ ಬೇಜಾರಾಗುತ್ತದೆ, ಇನ್ನು ಪಂದ್ಯಕ್ಕೆ ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡು ನಾನು ಒಳಗೆ ಪಾತ್ರೆ ತೊಳೆಯುತ್ತ ನಿಂತಿದ್ದೆ. ಅತ್ತೆ ಎಲ್ಲ ಕೇಳಿ ಮುಗಿಸಿದರು.

"ಅಷ್ಟೇಯಾ? ನಾ ಕರೆದ್ರೆ ಓ ಅನ್ಬಾರ್ದು. ಅಷ್ಟೇ ಅಲ್ವಾ? ಅದು ನಾನೇ ಕಲಿಸ್ತೆ ಬಿಡು."

ಮರುದಿನದಿಂದ ಶುರುವಾಯಿತು. ಅತ್ತೆ ಯಾವ ಕೆಲಸ ಹಿಡಿದರೂ ಅರೆಬರೆ ಮಾಡುವ ಜಾತಿಯವರಲ್ಲ. ಅಂಗಳದಿಂದ "ತಂಗೀ". ಹಿತ್ತಲಿಂದ "ತಂಗೀ". ಪಕ್ಕದ ಕೋಣೆಯಲ್ಲಿ ಅಡಗಿ ನಿಂತು, ನಾನು ಲೋಟ ಬಾಯಿಗಿಡುವಾಗ "ತಂಗೀ". ನಾನು ಬಾಯಿ ಬಿಡಬಾರದು, ತಿರುಗಿ ನೋಡಬಾರದು. "ಓ" ಎಂದರೆ ಅವತ್ತು ನನ್ನ ಪಾಲಿನ ಮೀನಿನ ತುಂಡು ಬೆಕ್ಕಿಗೆ. ಮೊದಲ ವಾರ ಬೆಕ್ಕು ಒಳ್ಳೆ ದಪ್ಪವಾಯಿತು.

ಅವರ ಹತ್ತಿರ ಉಪಾಯಗಳಿಗೆ ಬರವಿರಲಿಲ್ಲ. "ತಂಗೀ, ಹಾವು!" ಎಂದರು ಒಮ್ಮೆ. ನಾನು ಅಕ್ಕಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ತಂಗೀ, ನಿನ್ನ ಗಂಡ ಬಂದ!" ಎಂದರು. ಆಗಲೂ ಅಲ್ಲಾಡಲಿಲ್ಲ. ಗಂಡ ನಿಜವಾಗಿಯೂ ಬಂದಿದ್ದರು, ಬಾಗಿಲಲ್ಲಿ ಮೀನಿನ ಚೀಲ ಹಿಡಿದು ನಿಂತಿದ್ದರು. ಇಷ್ಟು ದಿನ ಸಮುದ್ರದ ಮೇಲಿದ್ದು ಬಂದವರನ್ನು ತಿರುಗಿಯೂ ನೋಡದ ಹೆಂಡತಿಯನ್ನು ಕಂಡು ಅವರ ಮುಖ ಸಣ್ಣದಾಯಿತು. ಅತ್ತೆ ಮಾತ್ರ ಬಾಗಿಲ ಹಿಂದಿನಿಂದ ಚಪ್ಪಾಳೆ ಹೊಡೆದರು.

ನಮ್ಮ ಕೇರಿಯಲ್ಲಿ ಗೋಡೆಗಳು ಗಿಡ್ಡ, ಕಿವಿಗಳು ಉದ್ದ. ಅತ್ತೆ ಇಡೀ ದಿನ ಕರೆಯುವುದು, ಸೊಸೆ ಒಂದು ಸಲವೂ ಓಗೊಡದಿರುವುದು ಎಲ್ಲರ ಕಿವಿಗೂ ಬಿತ್ತು. "ಪಾಪ, ಮುದುಕಿ ಕರೆದು ಕರೆದು ಸಾಯ್ತದೆ, ಅವಳಿಗೆ ಸೊಕ್ಕು" ಎಂದು ಸುದ್ದಿ ಹೊರಟಿತು. ಸುದ್ದಿ ಬಸ್ಸು ಹತ್ತಿ ಗೇರುಸೊಪ್ಪ ಮುಟ್ಟಿತು. ಒಂದು ಭಾನುವಾರ ನನ್ನ ಅಮ್ಮ ಹೇಳದೆ ಕೇಳದೆ ಬಂದಿಳಿದರು. ಕೈಯಲ್ಲಿ ಬಾಳೆಗೊನೆ, ಮುಖದಲ್ಲಿ ರಾಜಿ ಪಂಚಾಯಿತಿ. ಅವರು ಜಗಲಿಯಲ್ಲಿ ಕೂತು ಇನ್ನೂ ನೀರು ಕುಡಿದಿರಲಿಲ್ಲ, ಅತ್ತೆ ಅಭ್ಯಾಸ ತಪ್ಪಬಾರದೆಂದು ಒಳಗಿನಿಂದ "ತಂಗೀ" ಎಂದರು. ನಾನು ಅಮ್ಮನ ಎದುರೇ ಸುಮ್ಮನೆ ನಿಂತೆ. ಮತ್ತೆ "ತಂಗೀ". ನಾನು ಸುಮ್ಮನೆ.

ಅಮ್ಮ ಹಣೆ ಬಡಿದುಕೊಂಡರು. "ನನ್ನ ಹೊಟ್ಟೆಯಲ್ಲಿ ಹುಟ್ಟಿ ಇದೆಂತ ಬುದ್ಧಿ ನಿಂದು? ಓ ಅನ್ನೇ! ಅನ್ನೇ ಓ!"

ಅತ್ತೆ ಓಡಿ ಬಂದರು. "ಬೇಡಾ! ಅನ್ಬೇಡಾ! ಬೀಗರೇ, ನೀವು ಸುಮ್ಮನಿರಿ, ಈಗ ಹದಕ್ಕೆ ಬಂದದೆ!"

ಇಬ್ಬರೂ ನನ್ನ ಎರಡು ಕೈ ಹಿಡಿದು ಎಳೆದಾಡಿದರು. ಒಬ್ಬರಿಗೆ ಅನ್ನಬೇಕು, ಇನ್ನೊಬ್ಬರಿಗೆ ಅನ್ನಬಾರದು. ಸಂಗತಿ ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯವರು ಬೇಲಿಯ ಹತ್ತಿರ ಸೇರಿದ್ದರು. ಅಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ. "ನಾ ಅಷ್ಟು ವರ್ಷ ಕಷ್ಟಪಟ್ಟು ಕಲಿಸಿದ್ದನ್ನ ನೀವು ಬಿಡಿಸೂದಾ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ, "ಪಾಯಿಂಟಿಗೆ" ಎಂದರು, ಗಂಭೀರವಾಗಿ. ಅಮ್ಮ ಬಾಳೆಗೊನೆ ಕೊಟ್ಟು ಸಂಜೆ ಬಸ್ಸಿಗೆ ಹೋದರು.

ಕುಮಟಾ ಪಂದ್ಯಾಟದ ಹೊತ್ತಿಗೆ ನನ್ನ ಕಿವಿ ಕಲ್ಲಾಗಿತ್ತು. ಫೈನಲ್‌ಗೆ ಎದುರು ಬಂದದ್ದು ಅದೇ ಭಟ್ಕಳದ ಟೀಮು. ಎಡ ಕಾರ್ನರಿನ ಹುಡುಗಿ ಮೊದಲ ರೈಡಿಗೇ "ತಂಗೀ" ಎಂದಳು. ನಾನು ಅವಳ ಮೊಣಕಾಲು ಮುಟ್ಟಿ ಬಂದೆ. ಎರಡನೆಯ ಸಲ ಇಡೀ ಟೀಮು ಸೇರಿ ರಾಗ ತೆಗೆಯಿತು. ನಾನು ಬೋನಸ್ ತೆಗೆದುಕೊಂಡು ಬಂದೆ. ಅತ್ತೆ ಗೆರೆಯ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಮೀನುಪೇಟೆಯ ಗಂಟಲಿಗೆ ಅದೆಷ್ಟು ಕಷ್ಟವೋ, ಆದರೂ ಒಂದು ಶಬ್ದ ಹೊರಡಲಿಲ್ಲ. ಪಕ್ಕದವರು ಕೂಗಿದರೆ ಅವರ ತೊಡೆಗೆ ಹೊಡೆದು ಸುಮ್ಮನಾಗಿಸುತ್ತಿದ್ದರು.

ಕೊನೆಯ ರೈಡಿಗೆ ಹೋಗುವಾಗ ಎರಡೂ ಕಡೆ ಪಾಯಿಂಟು ಸಮ. ಕ್ಯಾಪ್ಟನ್ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, "ಹೋಗು, ನಿಂದೇ" ಎಂದಳು. ಗೆರೆ ದಾಟಿದೆ. ಕಬಡ್ಡಿ ಕಬಡ್ಡಿ. ಬಲಕ್ಕೆ ಹೋದೆ, ಅವರು ಹಿಂದೆ ಸರಿದರು. ಎಡಕ್ಕೆ ತಿರುಗಿದೆ. ಆಗ ಹಿಂದಿನಿಂದ ಏನೋ ಮುರಿದ ಸದ್ದು, ಅದರ ಬೆನ್ನಿಗೇ "ತಂಗೀ" ಎಂಬ ದನಿ.

ಅದು ಭಟ್ಕಳದವಳ ದನಿಯಲ್ಲ. ಮೀನುಪೇಟೆಯ ದನಿಯೂ ಅಲ್ಲ. ಸಣ್ಣದು, ಗೀ ಎಳೆದಿರಲಿಲ್ಲ. ಅಂಥ ದನಿಯಲ್ಲಿ ಅತ್ತೆ ನನ್ನನ್ನು ಎಂದೂ ಕರೆದವರಲ್ಲ. ಅವರೇ ಎಂದು ಗೊತ್ತಾಯಿತು, ಏನೋ ಆಗಿದೆ ಎಂದೂ ಗೊತ್ತಾಯಿತು. ಆದರೂ ನನ್ನ ಬಾಯಿ ಕಬಡ್ಡಿ ಎನ್ನುತ್ತಲೇ ಇತ್ತು, ಕಾಲು ಮುಂದಕ್ಕೇ ಹೋಯಿತು. ಎಡ ಕಾರ್ನರಿನವಳು ಮಾತ್ರ ಆ ಕಡೆ ಕತ್ತು ತಿರುಗಿಸಿದಳು. ಅವಳ ಭುಜ ಮುಟ್ಟಿ, ಹಿಡಿಯಲು ಬಂದ ಇನ್ನೊಬ್ಬಳ ಕೈಯಿಂದ ನುಣುಚಿಕೊಂಡು ಗೆರೆಗೆ ಬಿದ್ದೆ. ಸೀಟಿ ಮೊಳಗಿತು. ನಾವು ಗೆದ್ದಿದ್ದೆವು.

ನನ್ನ ಮೇಲೆ ಬಿದ್ದ ನಮ್ಮ ಹುಡುಗಿಯರನ್ನೆಲ್ಲ ತಳ್ಳಿ ಎದ್ದು ನೋಡಿದರೆ ಗೆರೆಯ ಆಚೆ ಜನ ಸುತ್ತುಗಟ್ಟಿದ್ದರು. ಕುರ್ಚಿಯ ಕಾಲು ಮುರಿದು ಅತ್ತೆ ಬಲಗೈ ಊರಿಕೊಂಡು ಬಿದ್ದಿದ್ದರು. ಮಣಿಕಟ್ಟು ಸೊಟ್ಟಗೆ ತಿರುಗಿತ್ತು. ಅವರ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದವಳು ಆ ಎಡ ಕಾರ್ನರಿನ ಹುಡುಗಿ. ಔಟಾದವಳು ನೇರ ಅಲ್ಲಿಗೇ ಓಡಿದ್ದಳು. ಅವಳನ್ನು ಕೆಟ್ಟ ಬುದ್ಧಿಯವಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಅತ್ತೆ ನನ್ನ ಮುಖ ನೋಡಿ ಕೇಳಿದ್ದು, "ಎಂತ ಆತು? ಮುಟ್ಟಿದ್ಯಾ?"

"ಮುಟ್ಟಿದೆ ಅತ್ತೆ."

"ಓ ಅನ್ಲಿಲ್ಲ ಅಲ್ವಾ?"

"ಅನ್ಲಿಲ್ಲ."

"ಅದೇ ಮತ್ತೆ!" ಎಂದು ಸುತ್ತಲಿದ್ದವರ ಕಡೆ ನೋಡಿದರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ನೋಡಲು ಬಂದವರಿಗೆಲ್ಲ ಅತ್ತೆ ಒಂದೇ ಕತೆ ಹೇಳಿದರು. "ಈ ಸಲದ್ದು ಸುಳ್ಳು ಕರೆಯೂದಲ್ಲ, ಬಿದ್ದು ನಿಜವಾಗಿ ಕರೆದದ್ದು ನಾನು. ಆದ್ರೂ ಓ ಅನ್ಲಿಲ್ಲ! ಎಂಥಾ ಗಟ್ಟಿ ನೋಡಿ!" ಬಂದವರು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದರು. ನಾನು ಎಳನೀರು ಕೆತ್ತುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಅವರು ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಹೊಗಳಿದರೆ ಎಂತ ಮಾಡುವುದು?

ಮನೆಗೆ ಬಂದ ಮೇಲೆ ನಾನು ಕಾಯತೊಡಗಿದೆ. ಅಡುಗೆಮನೆಯಲ್ಲಿದ್ದರೂ ಕಿವಿ ಜಗಲಿಯ ಕಡೆಗೇ. ಅತ್ತೆ ಕರೆಯಲಿಲ್ಲ. ನೀರು ಬೇಕಾದರೆ ತಾವೇ ಎದ್ದು ಬಂದು ಎಡಗೈಯಲ್ಲಿ ಬಗ್ಗಿಸಿಕೊಂಡರು. ಬೆಕ್ಕು ಗೋಡೆ ಹತ್ತಿತು, ಇಳಿಯಿತು, ಅದನ್ನೂ ಒಬ್ಬರೇ ನೋಡಿದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಒಂದೇ ಕೈಯಲ್ಲಿ ತುರುಬು ಕಟ್ಟಿಕೊಳ್ಳಲು ಹೆಣಗುತ್ತಿದ್ದಾರೆ. ಕೂದಲೆಲ್ಲ ಮುಖದ ಮೇಲೆ ಬಿದ್ದಿದೆ, ಪಿನ್ನು ಹಲ್ಲಿನಲ್ಲಿದೆ.

"ಕರೆಯೂಕಾಗೂದಿಲ್ವಾ ಅತ್ತೆ?" ಎಂದೆ. ಸಿಟ್ಟಿನಲ್ಲೇ ಎಂದೆ.

ಅವರು ಪಿನ್ನು ತೆಗೆದು, "ಕರೆದ್ರೆ ನೀ ಬರೂದಿಲ್ಲ ಅಂತ ಆಯ್ತಲ್ಲ. ನಾನೇ ಅಲ್ವಾ ಕಲಿಸಿದ್ದು" ಎಂದರು. ಅದರಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಮಳೆ ಬರುತ್ತದೆ, ಬಟ್ಟೆ ಒಳಗೆ ಹಾಕು ಎನ್ನುವಷ್ಟೇ ಸಲೀಸಾಗಿ ಹೇಳಿದ್ದರು.

"ಒಂದ್ ಸಲ ಕರೆಯಿರಿ" ಎಂದೆ.

"ಎಂತಕ್ಕೆ? ಇಲ್ಲೇ ಇದ್ಯಲ್ಲ."

"ಕರೆಯಿರಿ ಅಂದೆ."

ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ತಂಗೀ" ಎಂದರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅಷ್ಟು ದಿನ ಕಟ್ಟಿಹಾಕಿದ ನಾಲಿಗೆ ಹೇಳಿದ ತಕ್ಷಣ ಏಳಲಿಲ್ಲ. ಅವರು ಇನ್ನೊಂದು ಸಲ, ಈ ಸಲ ಗೀ ಎಳೆದು, ಕೇರಿಗೆಲ್ಲ ಕೇಳುವಂತೆ ಕರೆದರು.

"ಓ, ಬಂದೆ" ಎಂದೆ, ಅವರ ಪಕ್ಕದಲ್ಲೇ ನಿಂತುಕೊಂಡು.

"ಬಂದ್ಯಲ್ಲ" ಎಂದು ಅತ್ತೆ ಪಿನ್ನು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತರು. "ಹಾಗಾದ್ರೆ ತುರುಬು ಕಟ್ಟು."